ನಿಮ್ಮ ಸೀಟಿನ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ

ಸಿಇಟಿ ಬರೆದ ವಿದ್ಯಾರ್ಥಿಗಳಿಗೂ ಅವರ ಪೋಷಕರಿಗೂ ಒಂದು ಮನವಿ



ಎರಡು ವರ್ಷ ನಿದ್ದೆಗೆಟ್ಟು ಓದಿದವರು ನೀವು. ಆದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ ಶುರುವಾದಾಗ ಪಾಸ್‌ವರ್ಡ್ ಸೈಬರ್ ಸೆಂಟರಿನವರ ಕೈಗೋ ಪರಿಚಯದ ಏಜೆಂಟರ ಕೈಗೋ ಹೋಗುತ್ತದೆ. ‘ರ್‍ಯಾಂಕ್ ಬಂದಾಯಿತಲ್ಲ, ಇನ್ನೇನು?’ ಎಂಬ ನಂಬಿಕೆಯೇ ಇದಕ್ಕೆ ಕಾರಣ. ರ್‍ಯಾಂಕ್ ಹೇಳುವುದು ಸಾಲಿನಲ್ಲಿ ನೀವು ಎಷ್ಟನೆಯವರು ಎಂಬುದನ್ನಷ್ಟೇ. ನಿಮ್ಮ ಸರದಿ ಬಂದಾಗ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರು ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಖಾಲಿ ಸೀಟು ಸಿಕ್ಕ ಮೊದಲ ಆಪ್ಷನ್ನಿನಲ್ಲೇ ನಿಲ್ಲುತ್ತದೆ. ಪಟ್ಟಿಯಲ್ಲಿ ಇಲ್ಲದ ಕಾಲೇಜು ಎಷ್ಟು ಒಳ್ಳೆಯ ರ್‍ಯಾಂಕಿಗೂ ಸಿಗುವುದಿಲ್ಲ. ಸಿಗಲಾರದ್ದನ್ನು ಮೇಲೆ ಬರೆದರೆ ಇರುವುದೂ ಕೈತಪ್ಪುತ್ತದೆ ಎಂಬ ಭಯವೂ ಸುಳ್ಳು. ಅದು ಸಿಗದಿದ್ದರೆ ಕಂಪ್ಯೂಟರು ಮುಂದಿನದನ್ನು ನೋಡುತ್ತದೆ, ಅಷ್ಟೆ. ಹಾಗಾಗಿ ಆಸೆಯಿದ್ದ ಕ್ರಮದಲ್ಲೇ ಬರೆಯಿರಿ. ಆ ಕ್ರಮ ಗೊತ್ತಿರುವುದು ನಿಮಗೊಬ್ಬರಿಗೇ.

ಮೀಸಲಾತಿಯ ಮಾತೂ ಹೀಗೆಯೇ: ಕೇಳದಿದ್ದರೆ ಬಾರದು. 1ರಿಂದ 10ನೇ ತರಗತಿವರೆಗೆ ರಾಜ್ಯದ ಹಳ್ಳಿಗಳಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳಿವೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಆದರೆ ಯಾವ ಮೀಸಲಾತಿ ಬೇಕೆಂದು ಅರ್ಜಿಯಲ್ಲಿ ನಮೂದಿಸಬೇಕು; ಹಳ್ಳಿಯ, ಕನ್ನಡ ಮಾಧ್ಯಮದ ಸೀಟುಗಳಿಗೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿದ ವ್ಯಾಸಂಗ ಪ್ರಮಾಣಪತ್ರ ತರಬೇಕು. ನೀವು ಯಾವ ಊರಿನಲ್ಲಿ, ಯಾವ ಮಾಧ್ಯಮದಲ್ಲಿ ಓದಿದಿರಿ ಎಂದು ಅವಸರದಲ್ಲಿ ಫಾರಂ ತುಂಬುವವರು ಕೇಳದೆ ಇರಬಹುದು. ಬಿಟ್ಟುಹೋದ ಒಂದು ಗುರುತಿನ ನಷ್ಟ ನಿಮ್ಮದೇ.

‘ಹದಿನೇಳರ ಮಕ್ಕಳಿಗೆ ಏನು ತಿಳಿಯುತ್ತದೆ?’ ಎಂದು ಹಿರಿಯರು ಕೇಳುವುದು ಸಹಜ. ಫೀಸು, ಹಾಸ್ಟೆಲ್, ಊರಿನ ದೂರ ಇವನ್ನು ತೂಗಿ ನೋಡಲು ಅವರ ಅನುಭವ ಬೇಕೇ ಬೇಕು. ಆದರೆ ನಾಲ್ಕು ವರ್ಷ ಆ ತರಗತಿಯಲ್ಲಿ ಕೂರುವವರು ಮಕ್ಕಳು. ಸಲಹೆ ಮನೆಯವರದಿರಲಿ, ಕೊನೆಯ ಮಾತು ಮಗುವಿನದಿರಲಿ. ‘ಮನೆಯಲ್ಲಿ ಕಂಪ್ಯೂಟರಿಲ್ಲ, ಸೈಬರ್ ಸೆಂಟರೇ ಗತಿ’ ಎನ್ನುವುದೂ ನಿಜವಾದ ಕಷ್ಟವೇ. ಸೆಂಟರಿಗೆ ಹೋಗಿ, ತಪ್ಪಿಲ್ಲ. ಪಟ್ಟಿಯನ್ನು ಮೊದಲೇ ಕಾಗದದಲ್ಲಿ ಬರೆದುಕೊಂಡು ಹೋಗಿ, ಪಕ್ಕದಲ್ಲೇ ಕೂತು ತುಂಬಿಸಿ, ಪ್ರಿಂಟ್ ತೆಗೆದುಕೊಳ್ಳಿ. ಪಾಸ್‌ವರ್ಡ್, ಓಟಿಪಿ ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. 2024ರಲ್ಲಿ ಬಯಲಾದ ಎಂಜಿನಿಯರಿಂಗ್ ಸೀಟು ಬ್ಲಾಕಿಂಗ್ ಪ್ರಕರಣದಲ್ಲಿ ಕೇಳಿಬಂದದ್ದು ವಿದ್ಯಾರ್ಥಿಗಳ ಲಾಗಿನ್ ದುರ್ಬಳಕೆಯ ಆರೋಪವೇ.

ನಿಜವಾದ ಸೀಟು ಹಂಚಿಕೆಗೆ ಮುನ್ನ ನಡೆಯುವ ಅಣಕು ಹಂಚಿಕೆ ಇರುವುದೇ ತಪ್ಪು ತಿದ್ದಿಕೊಳ್ಳಲು. ಅದನ್ನು ನೋಡಿ ಕ್ರಮ ಬದಲಿಸಿ. ಸೀಟು ಸಿಕ್ಕ ಮೇಲೆ ಚಾಯ್ಸ್‌ಗಳಲ್ಲಿ ಒಂದನ್ನು ಒತ್ತುವ ಮುನ್ನ ಅವುಗಳ ಅರ್ಥ ತಿಳಿಯಿರಿ: ಎರಡನೆಯದು ಸೀಟನ್ನು ಉಳಿಸಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು, ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಒಂದೇ ಅಂಕಿಯ ವ್ಯತ್ಯಾಸ, ಒಂದು ಸೀಟಿನ ಬೆಲೆ. ಆ ಗುಂಡಿ ಒತ್ತುವ ಬೆರಳು ನಿಮ್ಮದೇ ಆಗಿರಲಿ.

ಓದಿದ ಮೇಲೆ ಈ ಹಾಳೆಯನ್ನು ಇನ್ನೊಬ್ಬ ವಿದ್ಯಾರ್ಥಿಗೆ ದಾಟಿಸಿ.