ಬಣ್ಣ ಆಮೇಲೆ, ಮೊದಲು ಸದ್ದು

ಕಡಿಮೆ ಬೆಲೆಯ ಬೇಸ್ ಗಿಟಾರ್ ಸಿಕ್ಕ ಕೂಡಲೇ ಎಲ್ಲರ ಪ್ಲಾನ್ ಒಂದೇ: ಹಳೇ ಬಣ್ಣ ಉಜ್ಜಿ ಸ್ಪ್ರೇ ಪೇಂಟ್ ಹೊಡೆಯೋದು. ನಮ್ಮ ಪ್ರಕಾರ ಅದು ಕೊನೆಯ ಕೆಲಸ. ಬಣ್ಣ ಹೊಡೆದರೆ ಫೋಟೋ ಚೆನ್ನಾಗಿ ಬರುತ್ತೆ, ಆಂಪ್‌ನಲ್ಲಿ ಗುಂಯ್ ಅನ್ನೋದು ನಿಲ್ಲಲ್ಲ. ಪಿಕಪ್, ವೈರುಗಳು ಕೂರೋ ಜಾಗಕ್ಕೆ ತಾಮ್ರದ ಟೇಪ್ ಅಂಟಿಸಿ ಗ್ರೌಂಡ್‌ಗೆ ಸೋಲ್ಡರ್ ಮಾಡಿದರೆ ಆ ಸದ್ದು ಎಷ್ಟೋ ತಗ್ಗುತ್ತೆ. ಪರೀಕ್ಷೆಗೆ ಉರು ಹೊಡೆದ ಫ್ಯಾರಡೆ ಕೇಜ್ ಇದೇ! ತಂತಿಯ ಎತ್ತರ ಸರಿಮಾಡೋಕೆ ಅಲೆನ್ ಕೀ ಸಾಕು.

1951ರ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲೇ ಕುತ್ತಿಗೆಯನ್ನು ಸ್ಕ್ರೂ ಹಾಕಿ ಕೂರಿಸಿದ್ದರು. ಅಂದರೆ ಬಿಚ್ಚಿ ಜೋಡಿಸಬಹುದಾದ ವಾದ್ಯ ಇದು. ಇಂಜಿನಿಯರಿಂಗ್ ಓದೋ ನಾವು ಬಿಚ್ಚೋಕೆ ಹೆದರಿದರೆ ಹೇಗೆ? ಸದ್ದು ಸರಿಯಾಗಲಿ. ಆಮೇಲೆ ಟೆರೇಸ್ ಮೇಲೆ, ಮಾಸ್ಕ್ ಹಾಕಿಕೊಂಡು, ಬೇಕಾದ ಬಣ್ಣ ಹೊಡೆಯೋಣ.