ಅಳಿಸಿದ್ದು ಅಳಿದಿರುವುದಿಲ್ಲ

ಲಿಂಗಸುಗೂರಿನಲ್ಲಿ ನಮ್ಮ ಹತ್ತಿರದ ಬಂಧುಗಳ ಮನೆಯಲ್ಲಿ ನಿಕಾಹ್ ಇತ್ತು. ಹೆಂಗಸರ ಕಡೆ ಯಾರೂ ಮೊಬೈಲ್ ತೆಗೆಯಬಾರದೆಂದು ಮದುಮಗಳ ತಾಯಿ ಮೊದಲೇ ಹೇಳಿಕಳಿಸಿದ್ದರು. ಮೊಬೈಲಿನ ಫೋಟೋ ಊಟ ಮುಗಿಯುವುದರೊಳಗೆ ಹತ್ತು ವಾಟ್ಸ್‌ಆಪ್ ಗುಂಪುಗಳನ್ನು ಸುತ್ತಿ ಬರುತ್ತದೆಂಬ ಆತಂಕ ಅವರದು. ಅದಕ್ಕೆಂದೇ ಒಂದು ಹೊಸ ಡಿಜಿಟಲ್ ಕ್ಯಾಮೆರಾ ತರಿಸಿ ನನ್ನ ತಂಗಿಯ ಮಗಳ ಕೈಗೆ ಕೊಟ್ಟಿದ್ದರು. ಅವಳು ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದಳು. ಯಾರಾದರೂ "ಇದು ಬೇಡಮ್ಮ" ಎಂದರೆ ಅವರೆದುರಿಗೇ ಅಳಿಸಿ ತೋರಿಸುತ್ತಿದ್ದಳು.

ಮರುದಿನ ಸಿಂಧನೂರಿಗೆ ಮರಳುವಾಗ ಮಕ್ಕಳಿಗೆ ಅಶೋಕನ ಶಾಸನ ತೋರಿಸಲೆಂದು ಮಸ್ಕಿಯಲ್ಲಿ ಇಳಿದೆವು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡುಹಿಡಿದ ಶಾಸನವದು. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಹುಡುಗಿ ಬಂಡೆಯ ಚಿತ್ರ ತೆಗೆಯುತ್ತಿದ್ದಂತೆಯೇ ಬ್ಯಾಟರಿ ಮುಗಿದು ಕ್ಯಾಮೆರಾ ಆರಿಹೋಯಿತು. ಮನೆಗೆ ಬಂದು ಚಾರ್ಜ್ ಮಾಡಿ ನೋಡಿದರೆ ಪರದೆಯ ಮೇಲೆ 'ಕಾರ್ಡ್ ಎರರ್'. ಎರಡು ಸಾವಿರ ವರ್ಷಕ್ಕೂ ಹಿಂದಿನ ಬರಹ ಬಂಡೆಯ ಮೇಲೆ ಉಳಿದಿತ್ತು, ನಿನ್ನೆಯ ಮದುವೆ ಹೋಗಿತ್ತು!

ಅಂಗಡಿಗೆ ಕೊಟ್ಟರೆ ತೆಗೆದುಕೊಡುತ್ತಾರೆ ಎಂದರು ಮನೆಯ ಗಂಡಸರು. ಮದುಮಗಳ ತಾಯಿ ಫೋನಿನಲ್ಲೇ ತಡೆದರು. "ಚಿತ್ರ ಹೋದರೆ ಹೋಗಲಿ, ಕಾರ್ಡು ಪರರ ಕೈಗೆ ಹೋಗಬಾರದು." ಅವರ ಮಾತು ಎಷ್ಟು ಸರಿಯೆಂದು ನನಗೆ ತಿಳಿದದ್ದು ಆಮೇಲೆ.

ಮೆಮೊರಿ ಕಾರ್ಡನ್ನು ಒಂದು ಪುಸ್ತಕವೆಂದುಕೊಳ್ಳಿ. ಯಾವ ಚಿತ್ರ ಯಾವ ಪುಟದಲ್ಲಿದೆ ಎಂದು ಹೇಳುವ ಪರಿವಿಡಿ ಅದರಲ್ಲಿರುತ್ತದೆ. ಬರೆಯುತ್ತಿರುವಾಗಲೇ ಬ್ಯಾಟರಿ ಮುಗಿದರೆ, ಇಲ್ಲವೇ ದೀಪ ಮಿನುಗುತ್ತಿರುವಾಗ ಕಾರ್ಡು ಎಳೆದರೆ, ಕೆಡುವುದು ಹೆಚ್ಚಾಗಿ ಈ ಪರಿವಿಡಿ. ಪುಟಗಳು ಇದ್ದಲ್ಲೇ ಇರುತ್ತವೆ. ಆ ಪುಟಗಳ ಮೇಲೆ ಹೊಸ ಚಿತ್ರ ಬರೆದುಬಿಟ್ಟರೆ ಮಾತ್ರ ಹಳೆಯದು ನಿಜವಾಗಿ ಹೋಗುತ್ತದೆ. ಆದ್ದರಿಂದ ಎರರ್ ಬಂದೊಡನೆ ಕಾರ್ಡು ಹೊರತೆಗೆಯಿರಿ, ಮತ್ತೊಂದು ಚಿತ್ರ ಬೇಡ. ಕಾರ್ಡಿನ ಪಕ್ಕದ ಪುಟ್ಟ ಗುಂಡಿಯನ್ನು 'ಲಾಕ್' ಕಡೆಗೆ ಸರಿಸಿ. (ಅದೇ ಗುಂಡಿ ತಾನಾಗಿ ಸರಿದು, ಹೊಸ ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗುವವರೂ ಇದ್ದಾರೆ.)

ನಮ್ಮ ಕಾರ್ಡನ್ನು ಮನೆಯ ಕಾರ್ಡ್ ರೀಡರ್ ಗುರುತಿಸಲೇ ಇಲ್ಲ. ಹಳೆಯ ಎಸ್‌ಡಿ ಕಾರ್ಡುಗಳು 2 ಜಿಬಿವರೆಗೆ, ಎಸ್‌ಡಿಎಚ್‌ಸಿ 32 ಜಿಬಿವರೆಗೆ, ಅದಕ್ಕೂ ದೊಡ್ಡವು ಎಸ್‌ಡಿಎಕ್ಸ್‌ಸಿ. ನಮ್ಮದು 64 ಜಿಬಿ, ರೀಡರ್ ಮಾತ್ರ ಹಳೆಯದು. ಪಕ್ಕದ ಮನೆಯಿಂದ ಹೊಸದನ್ನು ತಂದೆವು. ಕಂಪ್ಯೂಟರ್ ಕೂಡಲೇ 'ಫಾರ್ಮ್ಯಾಟ್ ಮಾಡಬೇಕೆ?' ಎಂದು ಕೇಳಿತು. ಇಲ್ಲಿ 'ಬೇಡ' ಎನ್ನಬೇಕು. ನಂತರ 'ಫೋಟೋರೆಕ್' ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆವು. ಅದು ಪರಿವಿಡಿಯನ್ನು ಬಿಟ್ಟು ನೇರವಾಗಿ ಪುಟಗಳನ್ನೇ ಓದುತ್ತದೆ. ಸಿಕ್ಕಿದ್ದನ್ನು ಕಂಪ್ಯೂಟರಿನಲ್ಲಿ ಉಳಿಸಬೇಕು, ಮತ್ತೆ ಅದೇ ಕಾರ್ಡಿಗೆ ಅಲ್ಲ.

ಅಸರ್ ನಂತರ ಕುಳಿತವರು ಮಗ್ರಿಬ್ ಹೊತ್ತಿಗೆ ಎದ್ದೆವು. ಅಲ್‌ಹಮ್ದುಲಿಲ್ಲಾಹ್, ಚಿತ್ರಗಳು ಬಂದಿದ್ದವು. ಹೆಸರುಗಳು ಅಳಿದು ಬರೀ ಸಂಖ್ಯೆಗಳಿದ್ದವು. ಎರಡು ವಿಡಿಯೋ ಓಡಲಿಲ್ಲ, ಮಸ್ಕಿಯ ಬಂಡೆ ಅರ್ಧ ಬೂದುಬಣ್ಣವಾಗಿತ್ತು. ಉಳಿದದ್ದೆಲ್ಲ ಸರಿಯಿತ್ತು.

ಆದರೆ ಹುಡುಗಿಯ ಮುಖ ಬಾಡಿತು. ಅವಳು ಎಲ್ಲರೆದುರು ಅಳಿಸಿದ್ದ ಚಿತ್ರಗಳೂ ಬಂದಿದ್ದವು! ಸೆರಗು ಜಾರಿದ ಒಬ್ಬರು, ಹಿಂದೆ ಮೂಲೆಯಲ್ಲಿ ಮಗುವಿಗೆ ಹಾಲೂಡುತ್ತಿದ್ದ ಇನ್ನೊಬ್ಬರು. 'ಡಿಲೀಟ್' ಒತ್ತಿದಾಗ ಹೊಡೆದುಹಾಕಲ್ಪಡುವುದು ಪರಿವಿಡಿಯ ಸಾಲು ಮಾತ್ರ. ಫಾರ್ಮ್ಯಾಟ್ ಮಾಡಿದರೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅಷ್ಟೇ. ನಮಗೆ ಮನೆಯಲ್ಲಿ ಕಂಡದ್ದು ಅಂಗಡಿಯವನಿಗೂ ಕಾಣುತ್ತಿತ್ತು. ಎಷ್ಟು ಮನೆಗಳಿಂದ ಹಳೆಯ ಕ್ಯಾಮೆರಾ, ಹಳೆಯ ಕಾರ್ಡು ಹೀಗೆ ಮಾರಾಟವಾಗಿವೆಯೋ! ಕ್ಯಾಮೆರಾ ಮಾರುವುದಿದ್ದರೂ ಕಾರ್ಡು ಮಾರಬೇಡಿ. ಬೇಡವಾದರೆ ಕತ್ತರಿಯಿಂದ ತುಂಡರಿಸಿ, ಒಳಗಿನ ಕಪ್ಪು ಚಿಪ್ ಮುರಿಯುವಂತೆ. ಮತ್ತೆ ಬಳಸುವುದಿದ್ದರೆ ಫಾರ್ಮ್ಯಾಟ್ ಮಾಡಿ, ಕಾರ್ಡು ತುಂಬುವವರೆಗೆ ಗೋಡೆಯ ವಿಡಿಯೋ ತೆಗೆಯಿರಿ. ಆಗ ಹಳೆಯ ಪುಟಗಳ ಮೇಲೆ ಗೋಡೆ ಬರೆಯಲ್ಪಡುತ್ತದೆ.

ಹೊಸ ಕಾರ್ಡು ತಂದಾಗಲೂ ಇದೇ ಉಪಾಯ ಬೇರೊಂದು ಕಾರಣಕ್ಕೆ ಒಳ್ಳೆಯದು. ಮೇಲೆ 128 ಜಿಬಿ ಎಂದು ಬರೆದು ಒಳಗೆ 8 ಜಿಬಿ ಇರುವ ನಕಲಿ ಕಾರ್ಡುಗಳಿವೆ. ಚಿತ್ರ ಉಳಿದಂತೆ ತೋರಿಸುತ್ತವೆ, ಆಮೇಲೆ ತೆರೆಯುವುದಿಲ್ಲ. ಮದುವೆಗೆ ವಾರ ಮೊದಲೇ ತುಂಬಿಸಿ, ಕಂಪ್ಯೂಟರಿನಲ್ಲಿ ಕೊನೆಯವರೆಗೂ ತೆರೆದು ನೋಡಿ. ಕಾರ್ಡಿನ ಹಿಂಬದಿಯ ಹೊಳೆಯುವ ಪಟ್ಟಿಗಳಿಗೆ ಚಿನ್ನದ ತೆಳು ಲೇಪವಿರುತ್ತದೆ. ನಮ್ಮ ಹಟ್ಟಿಯ ಚಿನ್ನವೇನೂ ಅಲ್ಲದಿರಬಹುದು, ತುಕ್ಕು ಹಿಡಿಯದೆಂದೇ ಹಾಕುತ್ತಾರೆ. ಆದರೆ ಬೆವರು, ಭತ್ತ ಒಕ್ಕುವ ಕಾಲದ ಧೂಳು ಕೂತರೆ ಕಾರ್ಡು ಓದಿಸಿಕೊಳ್ಳುವುದಿಲ್ಲ. ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು, ಉಗುರು ತಾಗಿಸಬಾರದು.

ಮದುಮಗಳ ತಾಯಿಗೆ ಚಿತ್ರಗಳನ್ನು ಪೆನ್‌ಡ್ರೈವಿನಲ್ಲಿ ಕೊಟ್ಟೆವು, ಆ ಎರಡನ್ನು ಬಿಟ್ಟು. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನೂ ತೆಗೆದೆವು. ಕಾರ್ಡು ತುಂಬಲು ನಮ್ಮ ಮನೆಯ ಸೀಲಿಂಗ್ ಫ್ಯಾನು ಎರಡು ದಿನ ತಿರುಗಬೇಕಾಯಿತು, ನಡುವೆ ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜಿಗೆ ಹಾಕುತ್ತಾ. ನಂತರ ಫೋಟೋರೆಕ್ ಇನ್ನೊಮ್ಮೆ ಓಡಿಸಿದೆವು. ಫ್ಯಾನು ಮಾತ್ರ ಬಂತು.