ಅಲೆಗಿಂತ ಮುಂದೆ ಓಡುವ ಲೆಕ್ಕ

2004ರ ಡಿಸೆಂಬರ್ 26ರ ಮುಂಜಾನೆ ಸುಮಾರು ಆರೂವರೆಗೆ ಸುಮಾತ್ರದ ಬಳಿ ಕಡಲ ತಳ ನಡುಗಿತು. ಅಲ್ಲಿಂದೆದ್ದ ಅಲೆ ತಮಿಳುನಾಡಿನ ತೀರವನ್ನು ಮುಟ್ಟಲು ಎರಡು ಗಂಟೆಗೂ ಮಿಕ್ಕ ಕಾಲ ಹಿಡಿಯಿತು. ನಮ್ಮ ಕೇರಳದ ಕೊಲ್ಲಂ ಕರಾವಳಿಗೆ ಅದು ಬಂದದ್ದು ಇನ್ನೂ ತಡವಾಗಿ. ಆದರೂ ಎಚ್ಚರಿಸುವವರಿರಲಿಲ್ಲ. ಹಿಂದೂ ಮಹಾಸಾಗರಕ್ಕೆ ಆಗ ಮುನ್ನೆಚ್ಚರಿಕೆಯ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನ ಕೇಂದ್ರ ಆರಂಭವಾದದ್ದು 2007ರಲ್ಲಿ.

ಅಲೆ ಎಲ್ಲಿಗೆ ಯಾವಾಗ ತಲುಪುತ್ತದೆಂಬುದು ಕವಡೆ ಹಾಕಿ ಕೇಳಬೇಕಾದ ವಿಷಯವಲ್ಲ. ಕಡಲಿನ ಆಳವನ್ನು ಮೀಟರುಗಳಲ್ಲಿ ಹಿಡಿದು, 9.8ರಿಂದ ಗುಣಿಸಿ, ವರ್ಗಮೂಲ ತೆಗೆದರೆ ಸುನಾಮಿ ಸೆಕೆಂಡಿಗೆ ಎಷ್ಟು ಮೀಟರ್ ಸಾಗುತ್ತದೆಂದು ತಿಳಿಯುತ್ತದೆ. 4000 ಮೀಟರ್ ಆಳದಲ್ಲಿ ಅದು ಸುಮಾರು 198, ಅಂದರೆ ಗಂಟೆಗೆ 700 ಕಿಲೋಮೀಟರಿಗೂ ಹೆಚ್ಚು. 10 ಮೀಟರ್ ಆಳದಲ್ಲಿ ಗಂಟೆಗೆ ಬರಿಯ 36 ಕಿಲೋಮೀಟರ್. ಉನ್ನತ ಗಣಿತಕ್ಕೆ ಕನ್ನಡ ಸಾಲದೆಂದು ಅಂಜುವ ಹೆತ್ತವರು ಮಕ್ಕಳಿಂದ ಈ ಲೆಕ್ಕ ಮಾಡಿಸಿ ನೋಡಬಹುದು.

ತೊಡಕಿರುವುದು ಆಳ ಎಲ್ಲೆಡೆ ಒಂದೇ ಆಗಿಲ್ಲದಿರುವುದರಲ್ಲಿ. ಅಲೆಯ ಮುಂಚೂಣಿ ಹೋಗುತ್ತ ಹೋಗುತ್ತ ಬಾಗುತ್ತದೆ. ಅದನ್ನು ವಿವರಿಸುವ ಆಂಶಿಕ ಅವಕಲ ಸಮೀಕರಣವನ್ನು ನಿಜವಾದ ಕಡಲಿಗೆ ಕಾಗದದ ಮೇಲೆ ಬಿಡಿಸಲಾಗದು. ನಕ್ಷೆಯನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಲೆ ತಲುಪುವ ಸಮಯವನ್ನು ಕಂಪ್ಯೂಟರಿನಿಂದ ಎಣಿಸಬೇಕು. ಉತ್ತರ ಬದಲಾಗದೆ ನಿಲ್ಲುವವರೆಗೆ ಎಲ್ಲ ಚೌಕಗಳನ್ನೂ ಮತ್ತೆ ಮತ್ತೆ ಸುತ್ತುವುದು ಒಂದು ಕ್ರಮ. ಅದು ನಮ್ಮ ಆಸ್ತಿ ದಾವೆಗಳಂತೆ ಎಳೆಯುತ್ತದೆ.

1995ರಲ್ಲಿ ಜಾನ್ ಸಿಟ್ಸಿಕ್ಲಿಸ್, 1996ರಲ್ಲಿ ಜೇಮ್ಸ್ ಸೆಥಿಯನ್ ತೋರಿಸಿದ ದಾರಿ ಬೇರೆ. ಮುಂಚೂಣಿ ಮುಂದಕ್ಕಷ್ಟೇ ಸಾಗುವುದರಿಂದ, ಯಾವ ಚೌಕದ ಸಮಯವೂ ತನಗಿಂತ ಮೊದಲು ಅಲೆ ಮುಟ್ಟಿದ ನೆರೆಯ ಚೌಕಗಳಿಂದಲೇ ನಿರ್ಧಾರವಾಗುತ್ತದೆ. ಹಾಗಾದರೆ ಅಂಚಿನಲ್ಲಿರುವ ಚೌಕಗಳ ಪೈಕಿ ಅತ್ಯಲ್ಪ ಸಮಯದ್ದನ್ನು ಆರಿಸಿ ಅಂತಿಮಗೊಳಿಸಬೇಕು, ಅದರ ನೆರೆಯವನ್ನು ಮಾತ್ರ ಪರಿಷ್ಕರಿಸಬೇಕು, ಮತ್ತೆ ಅತ್ಯಲ್ಪವಾದುದನ್ನು ಆರಿಸಬೇಕು. ಒಮ್ಮೆ ತೀರ್ಮಾನವಾದುದನ್ನು ಪುನಃ ತೆರೆಯುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೆಯ ಕಲಮಿನ ಆಶಯವೂ ಇದೇ, ಆಚರಣೆಯಲ್ಲಿ ಇಷ್ಟು ಚೊಕ್ಕವಾಗಿಲ್ಲ ಅಷ್ಟೆ. ಕಾದಿರುವ ಚೌಕಗಳು ಹತ್ತು ಲಕ್ಷವಿದ್ದರೂ ಅತ್ಯಲ್ಪವಾದುದನ್ನು ಹೊರತೆಗೆದು ಉಳಿದವನ್ನು ಸರಿಪಡಿಸಲು ಸುಮಾರು 20 ಹಂತ ಸಾಕು.

ಊರಿಂದೂರಿಗೆ ಹತ್ತಿರದ ದಾರಿ ಹುಡುಕಲು ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಕ್ರಮವೂ ಹೀಗೆಯೇ ಇದೆ. ಆದರೆ ಕಡಲಿನಲ್ಲಿ ರಸ್ತೆಗಳಿಲ್ಲ. 1 ಮೀಟರ್ ಬಾಹುವಿನ ಚೌಕದ ಅಂಚು ಹಿಡಿದು ಎದುರು ಮೂಲೆಗೆ ಹೋದರೆ ದೂರ 2 ಮೀಟರ್, ಕರ್ಣವೋ ಸುಮಾರು 1.41. ಹೊಸ ವಿಧಾನ ಎರಡು ನೆರೆಗಳ ಸಮಯವನ್ನು ಒಟ್ಟಿಗೆ ಬಳಸಿ ಆ ಓರೆಯ ನಡೆಯನ್ನು ಹಿಡಿಯುತ್ತದೆ.

ಇದರಿಂದ ದೊರೆಯುವುದು ಅಲೆ ಬರುವ ಸಮಯ ಮಾತ್ರ. ಎತ್ತರವನ್ನು ತಿಳಿಯಲು ಇದಕ್ಕಿಂತ ಬಹಳ ದೀರ್ಘವಾದ ಲೆಕ್ಕ ಬೇಕು. ಭೂಮಿ ನಡುಗಿದ ಮೇಲೆ ಅದಕ್ಕೆ ಕೂರಲು ವ್ಯವಧಾನವಿರುವುದಿಲ್ಲವೆಂದೇ ಹೈದರಾಬಾದಿನ ಕೇಂದ್ರ ಅನೇಕ ಸಂಭಾವ್ಯ ಭೂಕಂಪಗಳ ಲೆಕ್ಕವನ್ನು ಮೊದಲೇ ಮಾಡಿ ಇಟ್ಟುಕೊಂಡಿದೆ.